ನಲವತ್ತೊಂದು ಸೆಕೆಂಡು

ತನ್ನ ಬಲಗೈಯ ಎರಡು ಬೆರಳುಗಳನ್ನು ನಂಬುವುದನ್ನು ಮೋಹನ್ ಕುಮಾರ್ ಬಿಟ್ಟು ಆರು ತಿಂಗಳಾಗಿತ್ತು. ಉಳಿದ ಎಂಟರ ಬಗ್ಗೆ ಅವನಿಗೆ ದೂರಿರಲಿಲ್ಲ. ತೋರುಬೆರಳು ಮತ್ತು ನಡುಬೆರಳು ಮೂವತ್ತು ವರ್ಷ ಕ್ಯಾಮೆರಾದ ಝೂಮ್ ಗುಂಡಿಯ ಮೇಲೆ ಸಂಸಾರ ಹೂಡಿದ್ದವು. ಈಗ ಅವಕ್ಕೆ ಬೇರೆ ಕಡೆ ವಾಸ ಮಾಡಲು ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಆರ್‌ಪಿಸಿ ಲೇಔಟಿನ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದಾಗಲೂ ಆ ಎರಡೂ ಬೆರಳು ತಟ್ಟೆಯ ಅಂಚನ್ನು ಮೆತ್ತಗೆ ಒತ್ತುತ್ತಿದ್ದವು, ಒತ್ತಿದರೆ ಚಟ್ನಿ ಹತ್ತಿರ ಬರುತ್ತದೆ ಎಂಬಂತೆ. ಎದುರಿಗೆ ಹೆಂಡತಿ ವಿಜಯಶ್ರೀ ಬಿಳಿ ಸೀರೆಯ ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಾ, ಅವಳಿಗೆ ಹೇಳಿದ್ರಾ, ಎಂದು ಕೇಳಿದಳು. ಅವಳು ಎಂದರೆ ಮಗಳು ಸ್ಪಂದನ. ಮೋಹನ್ ಕುಮಾರ್ ಇಡ್ಲಿಯ ಮೇಲೆ ಗಮನವಿಟ್ಟ. ವಿಜಯಶ್ರೀ ಎರಡನೆಯ ಸಲ ಕೇಳುವ ಹೆಂಗಸಲ್ಲ. ಒಂದೇ ಸಲ ಕೇಳಿ, ಉತ್ತರ ಬರುವ ತನಕ ಆ ಪ್ರಶ್ನೆಯನ್ನು ಮನೆಯ ಮಧ್ಯೆ ಸ್ಟೂಲಿನ ಹಾಗೆ ಬಿಟ್ಟಿರುತ್ತಾಳೆ. ಓಡಾಡುವವರು ಎಡವಿಕೊಂಡೇ ಓಡಾಡಬೇಕು.

ಹೇಳಬೇಕಾದ್ದು ಚಿಕ್ಕದು. ಇವತ್ತು ಚರ್ಚಿನಲ್ಲಿ ಕುಟುಂಬ ಭಾನುವಾರ. ಆರಾಧನೆ ಮುಗಿದ ಮೇಲೆ ಸಭೆಯ ಹಾಲಿನಲ್ಲಿ ಮೋಹನ್ ಕುಮಾರ್ ಇಪ್ಪತ್ತು ನಿಮಿಷ ಮಾತಾಡುತ್ತಾನೆ. ವಿಷಯ, ತೈವಾನ್ ದೇಶದ ಒಬ್ಬ ನಿರ್ದೇಶಕರ ಸಂಸಾರದ ಸಿನಿಮಾಗಳು, ಕ್ರೈಸ್ತ ದೃಷ್ಟಿಯಲ್ಲಿ. ಆ ನಿರ್ದೇಶಕರ ಹೆಸರನ್ನು ಸಭೆಯ ಪಾದ್ರಿ ಅಯ್ಯನವರು ಪ್ರಕಟಣೆ ಮಾಡಲು ಹೋಗಿ ಮೂರು ಭಾನುವಾರ ಮೂರು ಥರ ಹೇಳಿ, ನಾಲ್ಕನೆಯ ಭಾನುವಾರ ಸೋತು ‘ತೈವಾನಿನವರು’ ಎಂದುಬಿಟ್ಟಿದ್ದರು. ಮಾರೇನಹಳ್ಳಿ ಪಕ್ಕದ ಆ ಸಭೆಯಲ್ಲಿ ಈಗ ಅವರ ಹೆಸರು ಅದೇ. ಯಾವುದೋ ಮನೆತನದ ಹೆಸರಿನ ಹಾಗೆ. ಇಷ್ಟಾದರೆ ಸುಖವಿತ್ತು. ಆದರೆ ಮಾತಿಗೆ ಮೊದಲು ಪರದೆಯ ಮೇಲೆ ‘ಆ ಕ್ಲಿಪ್ಪು’ ಹಾಕಬೇಕೆಂದು ಅಯ್ಯನವರು ಹೇಳಿದ್ದರು. ಸಾಕ್ಷಿ ಇಲ್ದಿರೋ ಪ್ರಸಂಗ ಒಗ್ಗರಣೆ ಇಲ್ದಿರೋ ಸಾರು ಮೋಹನ್ ಅವ್ರೇ, ಎಂದಿದ್ದರು. ಮೋಹನ್ ಕುಮಾರ್ ಆಗ್ಲಿ ಅಯ್ನೋರೇ ಎಂದಿದ್ದ. ಜೀವಮಾನದಲ್ಲಿ ಅವನು ಯಾವ ಅಯ್ಯನವರಿಗೂ, ಯಾವ ಮದುವೆ ಮನೆಯ ಯಜಮಾನನಿಗೂ ಆಗಲ್ಲ ಎಂದವನಲ್ಲ. ಆ ಕ್ಲಿಪ್ಪಿನಲ್ಲಿರುವವಳು ಸ್ಪಂದನ. ನಲವತ್ತೊಂದು ಸೆಕೆಂಡು ಅಳುತ್ತಾಳೆ.

ಜೇಬಿನಲ್ಲಿ ಎರಡು ಪೆನ್‌ಡ್ರೈವ್ ಇದ್ದವು, ಒಂದು ಕಪ್ಪು, ಒಂದು ಕೆಂಪು. ಕಪ್ಪಿನಲ್ಲಿ ಕ್ಲಿಪ್ಪು. ಕೆಂಪಿನಲ್ಲಿ ತೈವಾನಿನವರು. ಮೆಟ್ಟಿಲಿಳಿಯುವ ಮೊದಲು ಅವನು ಮಗಳ ರೂಮಿನ ಬಾಗಿಲು ನೋಡಿದ. ಮುಚ್ಚಿತ್ತು. ಭಾನುವಾರ ತನಗೆ ಡ್ಯೂಟಿ ಎಂದು ಅವಳು ಆರು ತಿಂಗಳಿಂದ ಹೇಳುತ್ತಿದ್ದಾಳೆ. ಅವಳು ಬಸವೇಶ್ವರನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಮಂಡಿ ನೋವಿನವರಿಗೆ ಕಾಲು ಎತ್ತಿಸುತ್ತಾಳೆ, ಮತ್ತು ಆ ಕ್ಲಿನಿಕ್ಕು ಭಾನುವಾರ ತೆರೆಯುವುದಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಡ್ಯೂಟಿ ಇರುವ ದಿನ ಅವಳು ಮನೆಯಲ್ಲೇ ಇರುತ್ತಾಳೆ. ಕೆಳಗೆ ಮನೆಯ ಒಡತಿ ಹನುಮಕ್ಕ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದರು. ಈ ಲೇಔಟು ರಾಗಿ ಹೊಲವಾಗಿದ್ದಾಗಿಂದ ಅವರ ಮನೆಯವರದೇ. ಹನುಮಕ್ಕ ಶನಿವಾರ ಆಂಜನೇಯನಿಗೆ ಬೆಣ್ಣೆ ಕೊಟ್ಟು, ಭಾನುವಾರ ಟೀವಿಯಲ್ಲಿ ಚರ್ಚಿನ ಲೈವ್ ನೋಡುತ್ತಾರೆ. ಲೈವ್ ಕೊಡುವವನು ತಮ್ಮ ಬಾಡಿಗೆಯವನು ಎಂಬ ಒಂದೇ ಕಾರಣಕ್ಕೆ ಸುರುವಾದದ್ದು, ಈಗ ಧಾರಾವಾಹಿಯ ಹಾಗೆ ಹಿಡಿದುಕೊಂಡಿದೆ. ಶುಭ ಶುಕ್ರವಾರದ ಮಾರನೆಯ ದಿನ ಅವರೇ ಮೆಟ್ಟಿಲ ಹತ್ತಿರ ಅವನನ್ನು ನಿಲ್ಲಿಸಿ, ನಿನ್ ಮಗಳು ಅತ್ತಿದ್ದು ನೋಡಿ ನಾನೂ ಅತ್ಬಿಟ್ಟೆ ಕಣಪ್ಪ, ಏನಾಗಿತ್ತು ಮಗೀಗೆ, ಎಂದು ಕೇಳಿದ್ದರು. ಲೋಕದಲ್ಲಿ ಆ ಪ್ರಶ್ನೆ ಕೇಳಿದವರು ಹನುಮಕ್ಕ ಒಬ್ಬರೇ. ಮೋಹನ್ ಕುಮಾರ್ ಆಗ, ದೇವರ ಆತ್ಮ ಮುಟ್ಟಿತು ಅಕ್ಕ, ಎಂದಿದ್ದ. ಹೇಳಿದ ಕೂಡಲೇ ಅವನಿಗೆ ತಾನು ಹೊಸ ಸ್ಕೂಟರಿನ ಮೈಲೇಜು ಹೇಳಿದ ಹಾಗೆ ಅನ್ನಿಸಿತ್ತು.

ನಡೆದದ್ದು ಇಷ್ಟು. ಶುಭ ಶುಕ್ರವಾರದ ಮೂರು ಗಂಟೆಯ ಆರಾಧನೆ, ಎಲ್ಲರೂ ಬಿಳಿ ಬಟ್ಟೆ, ಫ್ಯಾನು ಸಾಲದ ಸೆಖೆ. ಮೋಹನ್ ಕುಮಾರ್ ಹಿಂದೆ ಕ್ಯಾಮೆರಾ ಸ್ಟ್ಯಾಂಡಿನ ಹತ್ತಿರ ನಿಂತಿದ್ದ. ಸಭೆ ಮೌನವಾಗಿದ್ದಾಗ ಚೌಕಟ್ಟಿನ ಎಡಮೂಲೆಯಲ್ಲಿ ಒಂದು ಭುಜ ಅಲುಗಿತು. ಅಲುಗುವ ಭುಜ ಎಂದರೆ ಏನು ಎಂದು ಆ ಎರಡು ಬೆರಳಿಗೆ ಗೊತ್ತು. ಗುಂಡಿ ಒತ್ತಿದವು, ಚಿತ್ರ ಜಾರಿಕೊಂಡು ಹೋಯಿತು, ಕೆನ್ನೆ ಬಂತು, ಕಣ್ಣು ಬಂತು, ಕಣ್ಣಿನಂಚಲ್ಲಿ ನೀರು ತುಂಬಿ ತಡೆದು ಇಳಿಯಿತು. ಫೋಕಸ್ ಮುತ್ತಿನ ಹಾಗಿತ್ತು. ಎಂಥ ಶಾಟ್ ಅಂದುಕೊಂಡ ಅವನು. ಅದು ತನ್ನ ಮಗಳು ಅಂತ ಹೊಳೆದದ್ದು ಇಪ್ಪತ್ತನೆಯ ಸೆಕೆಂಡಿಗೋ ಇಪ್ಪತ್ತೈದನೆಯದಕ್ಕೋ. ಹೊಳೆದ ಮೇಲೂ ಬೆರಳು ತೆಗೆಯಲಿಲ್ಲ. ಅಲ್ಲಿಂದ ನಲವತ್ತೊಂದರವರೆಗಿನ ಲೆಕ್ಕ ಮಾತ್ರ ಅವನದು, ಬೆರಳುಗಳ ಮೇಲೆ ಹಾಕಲು ಬರುವುದಿಲ್ಲ ಎನ್ನುವುದು ಅವನಿಗೆ ಗೊತ್ತು, ಆದ್ದರಿಂದ ಬೆರಳುಗಳ ಮೇಲೆಯೇ ಹಾಕುತ್ತಾ ಬಂದಿದ್ದ. ಸಾಯಂಕಾಲ ಅದಕ್ಕೆ ಪಿಟೀಲು ಸೇರಿಸಿ ಸಭೆಯ ಪೇಜಿಗೆ ಹಾಕಿದವನೂ ಅವನೇ. ಹನ್ನೊಂದು ಸಾವಿರ ಜನ ನೋಡಿದರು. ಜನ ಕೈ ಮುಗಿದರು, ಬೆಂಕಿಯ ಚಿತ್ರ ಕಳಿಸಿದರು, ಯುವಜನರಲ್ಲಿ ಉಜ್ಜೀವನ ಎಂದು ಬರೆದರು. ಸ್ಪಂದನ ಫೋನನ್ನು ಊಟದ ಮೇಜಿನ ಮೇಲೆ ಕವುಚಿಟ್ಟು, ಮೊಸರು ಬಡಿಸಿಕೊಂಡಳು. ಮುಂದಿನ ಭಾನುವಾರದಿಂದ ಡ್ಯೂಟಿ.

ಮಾರೇನಹಳ್ಳಿಯಿಂದ ಕೆಂಗೇರಿವರೆಗೆ ಅವನು ತೆಗೆದ ಮದುವೆ ಕ್ಯಾಸೆಟ್ಟುಗಳನ್ನು ಬಿಚ್ಚಿ ಟೇಪು ಎಳೆದರೆ ಮೈಸೂರು ಮುಟ್ಟಿ ಚಾಮುಂಡಿ ಬೆಟ್ಟಕ್ಕೆ ಎರಡು ಸುತ್ತು ಬರುತ್ತಿತ್ತು ಎನ್ನುವುದು ಅವನದೇ ಮಾತು. ಯಾರೂ ಎಳೆದು ನೋಡಿಲ್ಲ. ಆ ಕಸುಬಿನಲ್ಲಿ ಹೆಣ್ಣು ಒಪ್ಪಿಸುವ ಹೊತ್ತೇ ಪರೀಕ್ಷೆಯ ಹೊತ್ತು. ತಾಯಿ ಅಳಬೇಕು, ಅಳುವುದು ಹತ್ತಿರದಿಂದ ಕಾಣಬೇಕು, ಇಲ್ಲದಿದ್ದರೆ ಯಜಮಾನ ಕ್ಯಾಸೆಟ್ಟು ನೋಡಿ, ಏನಯ್ಯ ಇದು, ಗೃಹಪ್ರವೇಶದ ಥರ ಇದೆ, ಅನ್ನುತ್ತಾನೆ. ತೈವಾನಿನವರನ್ನು ಅವನಿಗೆ ಪರಿಚಯ ಮಾಡಿಸಿದ್ದು ಸ್ಪಂದನ, ಆ ಶುಭ ಶುಕ್ರವಾರಕ್ಕೂ ಒಂದು ವರ್ಷ ಮೊದಲು, ಒಂದು ಶನಿವಾರ ಮಧ್ಯಾಹ್ನ, ಲ್ಯಾಪ್‌ಟಾಪಿನಲ್ಲಿ. ಮೊದಲ ಹತ್ತು ನಿಮಿಷಕ್ಕೆ ಅವನು, ಕ್ಯಾಮೆರಾದವನು ಟೀ ಕುಡಿಯೋಕೆ ಹೋಗಿದಾನಾ, ಎಂದು ಕೇಳಿದ್ದ. ಒಂದು ಸಂಸಾರ ಊಟ ಮಾಡುತ್ತಿತ್ತು; ಕ್ಯಾಮೆರಾ ಪಕ್ಕದ ರೂಮಿನಲ್ಲಿ, ಬಾಗಿಲಿನ ಈಚೆ, ಕರೆಯದೆ ಬಂದ ನೆಂಟನ ಹಾಗೆ ನಿಂತಿತ್ತು. ಯಾರಿಗೋ ದುಃಖವಾಯಿತು. ಆ ಹೆಂಗಸು ಎದ್ದು ಅಡುಗೆ ಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಬರೀ ನೀರಿನ ಸದ್ದು. ಕ್ಯಾಮೆರಾ ಅಲ್ಲಾಡಲಿಲ್ಲ. ಹೋಗಯ್ಯ, ಒಳಗೆ ಹೋಗು, ಎಂದು ಮೋಹನ್ ಕುಮಾರನ ಬೆರಳುಗಳು ಒದ್ದಾಡಿದವು. ಸ್ಪಂದನ ನಕ್ಕು, ಅವರು ಹೋಗಲ್ಲ ಪಪ್ಪಾ, ಅವರಿಗೆ ಮರ್ಯಾದೆ ಇದೆ, ಎಂದಿದ್ದಳು. ಆಗ ಅದು ತಮಾಷೆಯಾಗಿತ್ತು.

ಶುಭ ಶುಕ್ರವಾರದ ನಂತರ ಜೊತೆಯಲ್ಲಿ ನೋಡುವುದು ನಿಂತಿತು. ಒಂದು ತಿಂಗಳಾದ ಮೇಲೆ ಅವನ ಕನ್ನಡಕದ ಪಕ್ಕದಲ್ಲಿ ಕೆಂಪು ಪೆನ್‌ಡ್ರೈವ್ ಇತ್ತು, ಒಳಗೆ ಅವರದೇ ಇನ್ನೊಂದು ಸಿನಿಮಾ. ನೋಡಿ ಅಲ್ಲೇ ಇಟ್ಟ. ಎರಡು ವಾರಕ್ಕೆ ಅದೇ ಪೆನ್‌ಡ್ರೈವಿನಲ್ಲಿ ಮತ್ತೊಂದು. ಮನೆಯಲ್ಲಿ ಮಾತು ಹಾಲು ತಂದ್ರಾ, ಗ್ಯಾಸ್ ಬಂತಾ ಎನ್ನುವುದಕ್ಕೆ ಇಳಿದಿತ್ತು. ಉಳಿದದ್ದೆಲ್ಲ ತೈವಾನಿನ ಮೂಲಕ ಸಾಗುತ್ತಿತ್ತು. ಮಗಳು ಬೈಯುತ್ತಿದ್ದಾಳೋ ಕ್ಷಮಿಸುತ್ತಿದ್ದಾಳೋ ತಿಳಿಯದೆ ಅವನು ಐದು ಸಿನಿಮಾ ನೋಡಿದ. ಯಾರೂ ಪ್ರಾರ್ಥನೆ ಮಾಡದ, ಯಾರೂ ದೇವರ ಹೆಸರೆತ್ತದ ಆ ಮನೆಗಳಲ್ಲಿ ತನಗೆ ಕೀರ್ತನೆ ಹಾಡಿದ ಮೇಲಿನ ಮೌನದಂಥದು ಯಾಕೆ ಕೇಳುತ್ತದೆ ಎಂದು ಯೋಚಿಸಿದ. ಬಹುಶಃ ದೇವರು ನಮ್ಮನ್ನು ನೋಡುವುದು ಹೀಗೇ ಇರಬೇಕು ಅನ್ನಿಸಿತು: ಬಾಗಿಲಿನ ಈಚೆ ನಿಂತು, ಪೂರ್ತಿ, ಬೇಜಾರಿಲ್ಲದೆ. ಹತ್ತಿರ ಬಂದು ಮೂಗಿನ ರಂಧ್ರ ಎಣಿಸುವ ದೇವರಾಗಿದ್ದರೆ ಮನುಷ್ಯರು ಅಡುಗೆ ಮನೆಯಲ್ಲಿ ಕೂಡ ಅಳಲು ಹೆದರುತ್ತಿದ್ದರು. ಇದನ್ನು ಅಯ್ಯನವರಿಗೆ ಹೇಳಿದ್ದೇ ತಪ್ಪಾಯಿತು. ಒಳ್ಳೆ ಪಾಯಿಂಟು, ಕುಟುಂಬ ಭಾನುವಾರ ಇಟ್ಕೊಳ್ಳಿ, ಎಂದುಬಿಟ್ಟರು.

ಆರಾಧನೆಯಲ್ಲಿ ಅವನು ಸ್ಟ್ಯಾಂಡಿನ ಹತ್ತಿರ ಕೈಕಟ್ಟಿ ನಿಂತಿದ್ದ. ಝೂಮ್ ಗುಂಡಿಗೆ ಕಪ್ಪು ಇನ್ಸುಲೇಶನ್ ಟೇಪು ಸುತ್ತಿ ಆರು ತಿಂಗಳಾಗಿತ್ತು. ಲೈವ್ ನೋಡುವವರಿಗೆ ಅಯ್ಯನವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಸಭಾ ಸಮಿತಿಯ ಹಿರಿಯ ಮುನಿರಾಜು ಒಂದೆರಡು ಸಲ, ಕ್ಯಾಮೆರಾ ಕೆಟ್ಟಿದೆಯೇನ್ರೀ, ಎಂದು ವಿಚಾರಿಸಿದ್ದರು. ಆಡಿಸುವವನು ಕೆಟ್ಟಿದಾನೆ ಸಾರ್ ಎಂದರೆ ಅದಕ್ಕೊಂದು ಠರಾವು ಮಾಡುತ್ತಾರೆಂದು ಸುಮ್ಮನಿದ್ದ. ಕಾಣಿಕೆ ಎತ್ತುವಾಗ ಅವನ ಕೈ ಜೇಬಿನಲ್ಲಿ ಎರಡೂ ಪೆನ್‌ಡ್ರೈವನ್ನು ತಡವಿತು. ಮುಟ್ಟಿದರೆ ಕಪ್ಪು ಯಾವುದು ಕೆಂಪು ಯಾವುದು ತಿಳಿಯುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ಸ್ಪಂದನ ಈ ಸ್ಟ್ಯಾಂಡಿನ ಪಕ್ಕದ ಬೆಂಚಿನ ಕೆಳಗೆ ಅವಿತು ಕೂತು, ನನ್ನ ನೋಡ್ಬೇಡಿ ಪಪ್ಪಾ, ನಾನು ಇಲ್ಲಿಲ್ಲ, ಎನ್ನುತ್ತಿದ್ದಳು. ಅವನು ಬಗ್ಗಿ ಕ್ಯಾಮೆರಾ ಹಿಡಿಯುತ್ತಿದ್ದ. ಆ ಟೇಪು ಇನ್ನೂ ಮನೆಯಲ್ಲಿದೆ, ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುವುದು, ಬೆರಳಿನ ಸಂದಿಯಿಂದ ಕಣ್ಣು ಕಾಣುವವರೆಗೂ ಅವನು ಹತ್ತಿರ ಹತ್ತಿರ ಹೋಗುವುದು. ಅವಳ ಮದುವೆಯಲ್ಲಿ ಬೇಕಾಗುತ್ತೆ ಅಂತ ಜೋಪಾನವಾಗಿ ಇಟ್ಟಿದ್ದ.

ಆರಾಧನೆ ಮುಗಿದ ಮೇಲೆ ಅವನು ಲೈವ್ ನಿಲ್ಲಿಸದೆ ಕ್ಯಾಮೆರಾವನ್ನು ಹಾಲಿನ ಹಿಂದುಗಡೆಗೆ ತಂದಿಟ್ಟ. ಹಾಲಿನಲ್ಲಿ ಅರವತ್ತು ಜನ ಕೂತಿದ್ದರು, ಅದರಲ್ಲಿ ನಲವತ್ತು ಜನ ನಂತರದ ಚಿತ್ರಾನ್ನಕ್ಕೆ. ಅಯ್ಯನವರು ಪ್ರಾರ್ಥನೆ ಮಾಡಿ, ಮೊದಲು ನಾವೆಲ್ಲ ಒಂದು ಸಾಕ್ಷಿ ನೋಡೋಣ ಎಂದರು. ಮೋಹನ್ ಕುಮಾರ್ ಪ್ರೊಜೆಕ್ಟರಿನ ಮುಂದೆ ಬಗ್ಗಿದ. ಮೂರನೆಯ ಸಾಲಿನಿಂದ ವಿಜಯಶ್ರೀ ನೋಡುತ್ತಿದ್ದಳು. ಬೆಳಗಿನ ಪ್ರಶ್ನೆಯ ಸ್ಟೂಲನ್ನು ಅವಳು ಇಲ್ಲಿಗೂ ಹೊತ್ತು ತಂದಿದ್ದಳು. ಅವನು ಜೇಬಿನಿಂದ ಎರಡನ್ನೂ ತೆಗೆದು ಅಂಗೈ ಮೇಲಿಟ್ಟು ನೋಡಿದ. ತಪ್ಪಾಗಿ ಹಾಕಿದೆ ಎಂದು ಆಮೇಲೆ ಹೇಳಲು ಅವಕಾಶವಿತ್ತು, ಮುನಿರಾಜು ಅದನ್ನು ನಂಬುತ್ತಲೂ ಇದ್ದರು. ಕಪ್ಪನ್ನು ಜೇಬಿಗೆ ಹಾಕಿ, ಕೆಂಪನ್ನು ಚುಚ್ಚಿದ.

ಪರದೆಯ ಮೇಲೆ ಒಂದು ಕಾರಿಡಾರು ಬಂತು. ಹಳೆಯ ಅಪಾರ್ಟ್‌ಮೆಂಟು, ಎಡಗಡೆ ಲಿಫ್ಟು, ಬಲಗಡೆ ಅರ್ಧ ತೆರೆದ ಬಾಗಿಲು. ಒಳಗೆ ಹಬ್ಬದ ಸದ್ದು. ಎಂಟು ವರ್ಷ ಮನೆ ಬಿಟ್ಟು ಹೋಗಿದ್ದ ಚಿಕ್ಕ ಮಗ ವಾಪಸು ಬಂದಿದ್ದಾನೆ. ತಾಯಿ ಅಪ್ಪಿಕೊಂಡಿಲ್ಲ, ಬೈದಿಲ್ಲ, ಅವನ ಕಾಲಿನ ಮುಂದೆ ಮನೆಯೊಳಗೆ ಹಾಕುವ ಚಪ್ಪಲಿ ಒಂದು ಜೊತೆ ಇಟ್ಟಿದ್ದಾಳೆ, ಅಷ್ಟೆ. ಮನೆಯಲ್ಲೇ ಇದ್ದು ಅವಳ ಔಷಧಿ, ಬಾಡಿಗೆ ಎಲ್ಲ ನೋಡಿಕೊಂಡ ದೊಡ್ಡ ಮಗ ಎದ್ದು ಕಾರಿಡಾರಿಗೆ ಬಂದು ಗೋಡೆಗೆ ಒರಗಿದ್ದಾನೆ. ಸ್ವಲ್ಪ ಹೊತ್ತಿಗೆ ತಾಯಿಯೂ ಆಚೆ ಬಂದು ಅವನ ಪಕ್ಕ ನಿಲ್ಲುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಲಿಫ್ಟು ಖಾಲಿ ಬಂದು, ಬಾಗಿಲು ತೆರೆದು, ಮುಚ್ಚಿ, ಖಾಲಿ ಹೋಗುತ್ತದೆ. ಯಾರೂ ಅಲ್ಲಾಡದಿದ್ದರೆ ಆರಿಹೋಗುವ ದೀಪ ಅದು; ಆರುತ್ತದೆ. ಕತ್ತಲೆಯಲ್ಲಿ ತಾಯಿ ಕೈಯೆತ್ತಿ ಬೀಸುತ್ತಾಳೆ, ದೀಪ ಹತ್ತುತ್ತದೆ. ಮತ್ತೆ ಆರುತ್ತದೆ, ಮತ್ತೆ ಬೀಸುತ್ತಾಳೆ. ಹಾಗೆ ನಾಲ್ಕು ಸಲ. ಕ್ಯಾಮೆರಾ ಕಾರಿಡಾರಿನ ಇನ್ನೊಂದು ತುದಿಯಲ್ಲಿ ನಿಂತಲ್ಲೇ ನಿಂತಿರುತ್ತದೆ. ಹಾಲಿನಲ್ಲಿ ಯಾರೋ, ಸ್ಟಕ್ ಆಯ್ತು ಅನ್ಸುತ್ತೆ, ಎಂದರು. ನಾಲ್ಕನೆಯ ಸಲ ಮುಂದಿನ ಸಾಲಿನ ಒಬ್ಬಳು ಅಜ್ಜಿ ತಾನೇ ಕೈ ಬೀಸಿದಳು ಎಂದು ಆ ಸಭೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಅಜ್ಜಿ ಸೊಳ್ಳೆ ಎನ್ನುತ್ತಾಳೆ.

ಮುನಿರಾಜು ಎದ್ದರು. ಈ ಮನೆಯಲ್ಲಿ ತೀರಿಹೋದ ಅಪ್ಪನ ಫೋಟೋಗೆ ಊದುಬತ್ತಿ ಹಚ್ಚಿದ್ದು ಬಾಗಿಲ ಸಂದಿಯಲ್ಲಿ ಕಾಣಿಸುತ್ತಿದೆ, ಸಭೆಯ ಹಾಲಿನಲ್ಲಿ ಇದು ಸರಿಯೇ ಎಂದು ಕೇಳಿದರು. ಇದರಲ್ಲಿ ನಮ್ಮ ಸ್ವಾಮಿ ಎಲ್ಲಿ ಎಂದೂ ಕೇಳಿದರು. ಇಪ್ಪತ್ತು ನಿಮಿಷಕ್ಕೆಂದು ಬರೆದುಕೊಂಡಿದ್ದ ನಾಲ್ಕು ಹಾಳೆ ಮೋಹನ್ ಕುಮಾರನ ಕೈಯಲ್ಲಿತ್ತು. ಅವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಫೋಟೋ ನಮ್ಮ ಮನೆಯಲ್ಲೂ ಇದೆ, ಊದುಬತ್ತಿಯ ಬದಲು ಸೀರಿಯಲ್ ಸೆಟ್ ಹಾಕ್ತೀವಿ ಅಷ್ಟೆ, ಎಂದ. ಆಮೇಲೆ ಹೇಳಿದ:

“ಬೈಬಲ್ಲಲ್ಲಿ ಸ್ವಾಮಿ ಹೇಳಿದ ದಾರಿ ತಪ್ಪಿದ ಮಗನ ಕಥೇಲಿ ಅಪ್ಪ ಎರಡು ಸಲ ಮನೆಯಿಂದ ಆಚೆ ಬರ್ತಾನೆ ಸಾರ್. ಮೊದಲ್ನೇ ಸಲ ಓಡ್ಕೊಂಡು ಬರ್ತಾನೆ, ಅದನ್ನ ನಾವೆಲ್ಲ ಕ್ಯಾಲೆಂಡರ್ ಮಾಡಿ ಗೋಡೆಗೆ ಹಾಕ್ಕೊಂಡಿದೀವಿ. ಎರಡ್ನೇ ಸಲ, ದೊಡ್ಡ ಮಗ ಒಳಗೆ ಬರಲ್ಲ ಅಂತ ನಿಂತಾಗ, ಸುಮ್ನೆ ಎದ್ದು ಆಚೆ ಬರ್ತಾನೆ. ಆ ಮಗ ಕೊನೇಗೆ ಒಳಗೆ ಹೋದ್ನಾ? ಸ್ವಾಮಿ ಹೇಳ್ಲಿಲ್ಲ. ಬಾಗಿಲಾಚೆ ಇಬ್ರನ್ನೂ ನಿಲ್ಸಿ ಕಥೆ ನಿಲ್ಸಿಬಿಟ್ರು. ಈ ತೈವಾನಿನವರು ಅಲ್ಲಿಂದ ಶುರು ಮಾಡ್ತಾರೆ.”

ಮುನಿರಾಜು ಕೂತರು. ಒಪ್ಪಿ ಕೂತರೋ ಮಂಡಿ ನೋವಿಗೆ ಕೂತರೋ ಹೇಳಲು ಬರುವುದಿಲ್ಲ. ಅಯ್ಯನವರು ನಗುತ್ತಾ, ಬಹಳ ಆಳವಾದ ಮಾತು, ಆದ್ರೂ ಶುಭ ಶುಕ್ರವಾರದ ವಿಷಯಾನ ನೀವೇ ಬಾಯಿಂದ ಹಂಚ್ಕೊಂಡ್ರೆ ಸಭೆಗೆ ಆಶೀರ್ವಾದ, ಎಂದರು. ಅರವತ್ತು ಮುಖ ಮುಂದಕ್ಕೆ ಬಾಗಿದವು. ಆ ಬಾಗುವಿಕೆ ಅವನಿಗೆ ಚೆನ್ನಾಗಿ ಗೊತ್ತು. ಹಂಚಿಕೊಳ್ಳಲು ತನ್ನ ಹತ್ತಿರ ಏನಿದೆ ಎಂದು ಅವನು ಒಂದು ಕ್ಷಣ ನಿಜವಾಗಿ ಹುಡುಕಿದ. ಆ ಕಣ್ಣೀರು ಕೆನ್ನೆಯ ಯಾವ ಮಚ್ಚೆಯ ಹತ್ತಿರ ತಿರುಗಿತು ಎನ್ನುವುದು ಗೊತ್ತಿತ್ತು. ಯಾಕೆ ಬಂತು ಎನ್ನುವುದು ಗೊತ್ತಿರಲಿಲ್ಲ. ಆರು ತಿಂಗಳಲ್ಲಿ, ಒಂದೇ ಗೋಡೆಯ ಆಚೆ ಈಚೆ ಮಲಗಿ ಎದ್ದು, ಕೇಳಿರಲಿಲ್ಲ. ಅದು ಅವಳದ್ದು ಅಯ್ನೋರೇ, ನಂದೊಂದು ಇದೆ, ಅದನ್ನ ಹೇಳ್ತೀನಿ, ಎಂದ.

ಮತ್ತು ಕೆಂಗೇರಿಯ ಒಂದು ಮದುವೆಯ ಕಥೆ ಹೇಳಿದ. ಹೆಣ್ಣಿನ ತಾಯಿ ಅಳಲಿಲ್ಲ. ಯಜಮಾನ ಕಣ್ಣು ಬಿಟ್ಟ. ಅವನು ಆ ತಾಯಿಯ ಹತ್ತಿರ ಹೋಗಿ, ಅಮ್ಮ, ನಾಳೆ ಬೆಳಿಗ್ಗೆ ನೀವು ಕಾಫಿ ಎಷ್ಟು ಲೋಟ ಮಾಡ್ತೀರ, ಎಂದು ಕೇಳಿದ. ನಾಲ್ಕು ಎಂದಳು. ಮೂರಲ್ವಾ, ಎಂದ. ಅಷ್ಟೇ. ಆಯಮ್ಮ ಅಳಲು ಸುರು ಮಾಡಿದವಳು ನಿಲ್ಲಿಸಲಿಲ್ಲ. ಬೀಗರ ಜೀಪು ಬಿಡದಿಗೆ ಹೋಗಿ ಸದ್ದು ಕೇಳಿ ವಾಪಸು ಬಂತು. ಮೂರನೆಯ ದಿನ ಅವಳ ಮೈದುನಂದಿರು ಸ್ಟುಡಿಯೋ ಹುಡುಕಿಕೊಂಡು ಬಂದು, ಸುರು ಮಾಡ್ದೋನು ನೀನೇ ತಾನೆ, ನಿಲ್ಸು ಬಾ, ಎಂದರು. ಹಾಲಿನಲ್ಲಿ ಬಹಳ ನಗು. ಮೋಹನ್ ಕುಮಾರ್ ನಗು ಮುಗಿಯಲು ಕಾದ. “ಕ್ಯಾಸೆಟ್ಟು ತುಂಬಾ ಚೆನ್ನಾಗಿ ಬಂತು,” ಎಂದ. “ಏನಾಯ್ತಮ್ಮ ಅಂತ ನಾನು ಕೇಳ್ಲಿಲ್ಲ. ನಾನು ಹಂಚ್ಕೊಳ್ಳೋದು ಇಷ್ಟೇ.” ಕೂತ. ಹತ್ತು ನಿಮಿಷ ಮಿಕ್ಕಿತ್ತು. ಅಯ್ಯನವರು ಅದನ್ನು ಪ್ರಾರ್ಥನೆಯಿಂದ ತುಂಬಿಸಿದರು. ಚಿತ್ರಾನ್ನ ತಿನ್ನುವಾಗ ಯಾರೂ ಅವನ ಹತ್ತಿರ ಬರಲಿಲ್ಲ. ಬಂದ ಒಬ್ಬರು ಸಿನಿಮಾದ ಲಿಫ್ಟು ಯಾವ ಕಂಪನಿಯದು ಎಂದು ಕೇಳಿದರು. ತಟ್ಟೆ ತೊಳೆದಿಟ್ಟು, ಅವನು ಫೋನಿನಲ್ಲಿ ಸಭೆಯ ಪೇಜು ತೆರೆದು ಕ್ಲಿಪ್ಪನ್ನು ಅಳಿಸಿದ. ಅದಕ್ಕೆ ಸಮಿತಿಯ ಠರಾವು ಇರಲಿಲ್ಲ. ಹನ್ನೊಂದು ಸಾವಿರ ಜನ ನೋಡಿದ್ದನ್ನು ಅಳಿಸುವ ಗುಂಡಿ ಆ ಫೋನಿನಲ್ಲಿ ಇರಲಿಲ್ಲ ಎನ್ನುವುದನ್ನೂ ಗಮನಿಸಿದ.

ಮನೆಗೆ ಬಂದಾಗ ಹನುಮಕ್ಕ ಬಾಗಿಲಲ್ಲೇ ಇದ್ದರು. “ಏನಪ್ಪಾ ಮೋಹನ, ಇವತ್ತು ಅರ್ಧ ಹೊತ್ತು ಬರೀ ಗೋಡೆ ತೋರಿಸ್ದೆ. ಅದೂ ಆಟು ದೂರದಿಂದ. ನಿನ್ ಮಗಳೂ ಬಂದು ಕೂತಿದ್ಲು ನನ್ ಪಕ್ಕ. ನೀನು ಕೆಂಗೇರಿ ಕಥೆ ಹೇಳ್ತಿದ್ದಂಗೆ ಎದ್ದೋದ್ಲು.” ನಕ್ಕಳಾ ಎಂದು ಅವನು ಕೇಳಿದ. ನೋಡ್ಲಿಲ್ಲ ಕಣಪ್ಪ, ನಾನು ಟೀವಿ ನೋಡ್ತಿದ್ದೆ, ಎಂದರು ಹನುಮಕ್ಕ.

ಮೇಲೆ ಸ್ಪಂದನಳ ರೂಮಿನ ಬಾಗಿಲು ಮುಚ್ಚಿದ ಹಾಗಿತ್ತು, ಚಿಲಕ ಹಾಕಿರಲಿಲ್ಲ; ಒಂದು ಬೆರಳಿನಷ್ಟು ಸಂದಿ. ಒಳಗೆ ಯಾರೋ ಮೂಗು ಸೀಟಿಕೊಂಡ ಸದ್ದು. ನೆಗಡಿಯೂ ಇರಬಹುದು. ಅವನ ಎರಡು ಬೆರಳುಗಳು ಪ್ಯಾಂಟಿನ ಹೊಲಿಗೆಯ ಮೇಲೆ ಒತ್ತಿಕೊಂಡವು. ಸಂದಿಯಿಂದ ನೋಡಿದರೆ ಕನ್ನಡಿ, ಕನ್ನಡಿಯಲ್ಲಿ ಮಂಚ, ಮಂಚದ ಮೇಲೆ ಅವಳು; ಆ ಕೋನ ಅವನಿಗೆ ನೋಡದೆಯೇ ಗೊತ್ತು. ಅವನು ಊಟದ ಮೇಜಿನ ಪಕ್ಕದ ಪ್ಲಾಸ್ಟಿಕ್ ಸ್ಟೂಲು ತಂದು, ಬಾಗಿಲಿಗೆ ಬೆನ್ನು ಮಾಡಿ ಹಾಕಿಕೊಂಡು ಕೂತ. ವಿಜಯಶ್ರೀ ಅನ್ನದ ಪಾತ್ರೆ ಹಿಡಿದು ಬಂದವಳು ಅವನನ್ನು ಸುತ್ತಿ ಹೋದಳು. ಎದುರಿನ ಗೋಡೆಯ ಮೇಲೆ ಅವನ ತಾಯಿಯ ಫೋಟೋ, ಅದರ ಸುತ್ತ ಸೀರಿಯಲ್ ಸೆಟ್ಟಿನ ಬಲ್ಬುಗಳು ಹತ್ತುತ್ತಿದ್ದವು, ಆರುತ್ತಿದ್ದವು. ಕೇಳಬೇಕಾದ ಮಾತು ಎರಡೇ ಪದ. ಬಾಯಿಗೆ ಬರಲು ಅದು ಕಾಲು ಗಂಟೆ ತೆಗೆದುಕೊಂಡಿತು.

“ಏನಾಯ್ತು ಮಗಳೇ?”

ಒಳಗೆ ಸದ್ದು ನಿಂತಿತು. ಕೆಳಗೆ ಹನುಮಕ್ಕನ ಟೀವಿಯಲ್ಲಿ ಯಾವುದೋ ಅಡುಗೆ ಕಾರ್ಯಕ್ರಮ ಸುರುವಾಗಿ ಮುಗಿಯಿತು. ಅವನು ತಿರುಗಿ ನೋಡಲಿಲ್ಲ.

“ಹೇಳಕ್ಕೆ ಆಗಲ್ಲ ಪಪ್ಪಾ, ಇವತ್ತು.”

“ಸರಿ.”

ಅವನು ಏಳಲು ಸ್ಟೂಲಿನ ಅಂಚು ಹಿಡಿದ. ಪ್ಲಾಸ್ಟಿಕ್ಕು ಕಿರುಗುಟ್ಟಿತು.

“ಅಲ್ಲೇ ಇರಿ,” ಎಂದಳು ಒಳಗಿನಿಂದ.